ಖುಲಾಸೆಯಾದ ಮೇಲೂ ಬಂಧನದ ಸುದ್ದಿ ಹಾಗೇ ಇದೆ. ಸುದ್ದಿ ತಾಣಗಳಿಗೆ ನಿಯಮ ಅಂತ ಏನಾದರೂ ಇದೆಯಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ಒಂದು ಸಹಕಾರ ಸಂಘದಲ್ಲಿ ಕಾರ್ಯದರ್ಶಿ ಆಗಿದ್ದರು. 2018ರಲ್ಲಿ ಸಂಘದ ಹಣ ದುರುಪಯೋಗ ಆಗಿದೆ ಎಂದು ಕೇಸಾಯಿತು. ಅವರನ್ನು ಬಂಧಿಸಿದ್ದು ನಿಜ, ಜಾಮೀನು ಸಿಗುವವರೆಗೆ ಒಳಗಿದ್ದದ್ದೂ ನಿಜ. 2023ರಲ್ಲಿ ಕೋರ್ಟು ಅವರನ್ನು ಖುಲಾಸೆ ಮಾಡಿತು. ಚೆಕ್ಕಿನ ಮೇಲಿದ್ದ ಸಹಿ ಅವರದ್ದೇ ಅಲ್ಲ ಎಂದು ತಜ್ಞರು ಹೇಳಿದ್ದರು.

ಬಂಧನವಾದ ದಿನ ಒಂದು ಕನ್ನಡ ಸುದ್ದಿ ತಾಣ ಹಾಕಿದ ವರದಿ ಇವತ್ತಿಗೂ ಹಾಗೇ ಇದೆ. ತಲೆಬರಹ "ರೈತರ ಹಣ ನುಂಗಿದ ಕಾರ್ಯದರ್ಶಿ ಅಂದರ್". ಫೋಟೊದಲ್ಲಿ ಭಾವ ಠಾಣೆಯ ಮೆಟ್ಟಿಲ ಮೇಲೆ ಇಬ್ಬರು ಪೇದೆಗಳ ನಡುವೆ ನಿಂತಿದ್ದಾರೆ. ಮುಖ ಸ್ಪಷ್ಟವಾಗಿ ಕಾಣುತ್ತದೆ. ಹೆಸರು, ತಂದೆಯ ಹೆಸರು, ಊರು, ವಯಸ್ಸು ಎಲ್ಲ ಇದೆ. ಗೂಗಲ್‌ನಲ್ಲಿ ಅವರ ಹೆಸರು ಹಾಕಿದರೆ ಮೊದಲು ಬರುವುದೇ ಇದು. ಖುಲಾಸೆಯಾದ ಸುದ್ದಿಯನ್ನು ಯಾರೂ ಹಾಕಲಿಲ್ಲ.

ಈಗ ಅಕ್ಕನ ಮಗಳಿಗೆ ಸಂಬಂಧ ನೋಡುತ್ತಿದ್ದೇವೆ. ಗಂಡಿನ ಕಡೆಯವರು ಮನೆಗೆ ಬಂದು ಕೂತಾಗ ಫೋನಿನಲ್ಲಿ ಇದನ್ನೇ ತೆಗೆದು ತೋರಿಸಿದರು. ಭಾವ ಒಳಗೆ ಹೋಗಿ ತೀರ್ಪಿನ ಪ್ರತಿ ತಂದು ಮುಂದಿಟ್ಟರು. ಅವರು ಅದನ್ನು ತೆರೆದೂ ನೋಡಲಿಲ್ಲ.

ತಾಣದವರಿಗೆ ಮೇಲ್ ಮಾಡಿದೆ. "ಆ ದಿನಕ್ಕೆ ಸುದ್ದಿ ಸರಿಯಾಗಿತ್ತು, ತೆಗೆಯಲು ಬರುವುದಿಲ್ಲ" ಅಂತ ಉತ್ತರ ಬಂತು. ಯಾರನ್ನು ಕೇಳಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಕೆರೆ ಏರಿ
ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡಿ. ಅವರು ನೋಟಿಸ್ ಕಳಿಸುತ್ತಾರೆ.

ಹಳೇ ಡೆಸ್ಕು
ಕೆರೆ ಏರಿಯವರೇ, ಎಲ್ಲರೂ ಮೊದಲು ಹೇಳುವುದು ಇದನ್ನೇ. ಆದರೆ ಪ್ರೆಸ್ ಕೌನ್ಸಿಲ್ ನಡೆಯುವುದು 1978ರ ಕಾಯ್ದೆಯ ಮೇಲೆ. ಅದರ ವ್ಯಾಪ್ತಿಗೆ ಬರುವುದು ಪತ್ರಿಕೆಗಳು ಮತ್ತು ಸುದ್ದಿ ಸಂಸ್ಥೆಗಳು ಮಾತ್ರ. ಟಿವಿ ಬರುವುದಿಲ್ಲ, ಬರೀ ವೆಬ್‌ನಲ್ಲಿ ಇರುವ ತಾಣವೂ ಬರುವುದಿಲ್ಲ. ಬಂದರೂ ಎಚ್ಚರಿಕೆ ಕೊಡಬಹುದು, ಖಂಡಿಸಬಹುದು. ದಂಡ ಹಾಕುವ ಅಧಿಕಾರ ಇಲ್ಲ.

ತುಂಗಾತೀರ ಅವರೇ, ಆ ತಾಣದವರಿಗೆ ಅಚ್ಚಿನ ಪತ್ರಿಕೆಯೂ ಇದೆಯಾ ನೋಡಿ. ಇದೇ ವರದಿ ಪತ್ರಿಕೆಯಲ್ಲೂ ಬಂದಿದ್ದರೆ ಆಗ ದಾರಿ ಬೇರೆ.

ವಕೀಲರ ಕಟ್ಟೆ
ವೆಬ್ ತಾಣಗಳಿಗೆ 2021ರ ಐಟಿ ನಿಯಮಗಳಿವೆ. ಆ ವರ್ಷ ಫೆಬ್ರವರಿ 25ಕ್ಕೆ ಬಂದವು. ಅವುಗಳ ಮೂರನೇ ಭಾಗ ಡಿಜಿಟಲ್ ಸುದ್ದಿಗೂ ಒಟಿಟಿ ತಾಣಗಳಿಗೂ ಸಂಬಂಧಿಸಿದ್ದು. ಪ್ರತಿ ತಾಣವೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ಇಡಬೇಕು. ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, 15 ದಿನದೊಳಗೆ ತೀರ್ಮಾನ ಹೇಳಬೇಕು. ಒಪ್ಪದಿದ್ದರೆ ಪ್ರಕಾಶಕರೇ ಕಟ್ಟಿಕೊಂಡ ಸ್ವನಿಯಂತ್ರಣ ಸಂಸ್ಥೆಗೆ ಹೋಗಬೇಕು. ಅದರ ಮೇಲೆ ಕೇಂದ್ರ ಸರ್ಕಾರದ ಸಮಿತಿ.

ಆದರೆ ಇಲ್ಲೊಂದು ತೊಡಕಿದೆ. ನೀತಿ ಸಂಹಿತೆ ಪಾಲಿಸಲೇಬೇಕು ಎನ್ನುವ 9(1), ಈ ಮೂರು ಹಂತ ಹೇಳುವ 9(3), ಇವೆರಡಕ್ಕೂ ಬಾಂಬೆ ಹೈಕೋರ್ಟ್ 2021ರ ಆಗಸ್ಟ್‌ನಲ್ಲಿ ತಡೆ ಕೊಟ್ಟಿತು. ಆ ತಡೆ ದೇಶಕ್ಕೆಲ್ಲ ಅನ್ವಯ ಎಂದು ಮುಂದಿನ ತಿಂಗಳು ಮದ್ರಾಸ್ ಹೈಕೋರ್ಟ್ ಹೇಳಿತು. ಹಾಗಾಗಿ ಇದು ನೀವು ಅಂದುಕೊಂಡಷ್ಟು ಗಟ್ಟಿ ಅಲ್ಲ. ಆದರೂ ಸುಮಾರು ತಾಣಗಳಲ್ಲಿ ಕುಂದುಕೊರತೆ ಅಧಿಕಾರಿಯ ಹೆಸರು, ಮೇಲ್ ವಿಳಾಸ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮೊದಲು ಅದಕ್ಕೆ ಬರೆಯಿರಿ. ಸಾಮಾನ್ಯ ಮೇಲ್‌ಗೆ ಬರೆದರೆ ಯಾರೋ ಟ್ರೈನಿ ಉತ್ತರ ಕೊಟ್ಟು ಮುಗಿಸುತ್ತಾರೆ.

ಬಯಲುಸೀಮೆ ಬಸು
ಕೋರ್ಟೇ ತಪ್ಪಿಲ್ಲ ಅಂದ ಮೇಲೆ ಸುದ್ದಿ ತೆಗೆಯಲೇಬೇಕು. ಇದರಲ್ಲಿ ಚರ್ಚೆ ಮಾಡುವಂಥದ್ದು ಏನಿದೆ?

ಕಡತ ಕೋಣೆ
ಇದೆ ಬಸು ಅವರೇ, ತುಂಬಾ ಇದೆ. ನಾನು ಹಳೇ ಪತ್ರಿಕೆಗಳನ್ನು ಓದುವುದನ್ನೇ ಕೆಲಸ ಮಾಡಿಕೊಂಡವನು. ಬಂಧನ ನಡೆದದ್ದು ನಿಜವಾದರೆ ಅದರ ದಾಖಲೆ ಅಳಿಸಬಾರದು. ಇವತ್ತು ಒಬ್ಬ ನಿರಪರಾಧಿ ಕೇಳಿದ ಅಂತ ಅಳಿಸಿದರೆ ನಾಳೆ ದುಡ್ಡಿದ್ದವರು, ಅಧಿಕಾರ ಇದ್ದವರು ಸಾಲುಗಟ್ಟಿ ಬಂದು ಅಳಿಸಿ ಅಂತಾರೆ. ಬಂದೂ ಇದ್ದಾರೆ. 2025ರ ಜುಲೈನಲ್ಲಿ ಧರ್ಮಸ್ಥಳದ ಪ್ರಕರಣದಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟ್ ಎದುರು ಪಕ್ಷದ ವಾದ ಕೇಳದೆಯೇ 8,842 ಲಿಂಕ್‌ಗಳನ್ನು ತೆಗೆಯಿರಿ ಎಂದು ಆದೇಶ ಕೊಟ್ಟಿತ್ತು. ವಿಡಿಯೊ, ಪೋಸ್ಟ್, ಸುದ್ದಿ ಬರಹ ಎಲ್ಲ ಅದರಲ್ಲಿತ್ತು. ಒಂದು ಯೂಟ್ಯೂಬ್ ವಾಹಿನಿ ಹೈಕೋರ್ಟಿಗೆ ಹೋಯಿತು. ಆಗಸ್ಟ್ 1ಕ್ಕೆ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿ, ಹೊಸದಾಗಿ ವಿಚಾರಣೆ ಮಾಡಿ ಎಂದು ವಾಪಸ್ ಕಳಿಸಿತು.

ಸುದ್ದಿ ಇರಲಿ. ಆದರೆ ಪೂರ್ತಿ ಇರಲಿ. ಬಂಧನದ ಜೊತೆ ಖುಲಾಸೆಯೂ ಅದೇ ಪುಟದಲ್ಲಿ ಇರಲಿ.

ಬಯಲುಸೀಮೆ ಬಸು
ದೊಡ್ಡವರ ಕೇಸು ಬೇರೆ, ಸಂಘದ ಕಾರ್ಯದರ್ಶಿ ಕೇಸು ಬೇರೆ. ಸಾರ್ವಜನಿಕ ಜೀವನದಲ್ಲಿ ಇರುವವರ ದಾಖಲೆ ಉಳಿಯಲಿ. ಸಾಮಾನ್ಯ ಮನುಷ್ಯನ ಫೋಟೊ, ತಂದೆ ಹೆಸರು, ಊರು ಹತ್ತು ವರ್ಷ ಇಟ್ಟುಕೊಂಡು ಯಾವ ಇತಿಹಾಸ ಬರೆಯುತ್ತೀರಿ?

ಕಡತ ಕೋಣೆ
ಫೋಟೊ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ವರದಿ ವಿಷಯದಲ್ಲಿ ಒಪ್ಪುವುದಿಲ್ಲ.

ಕಾವೇರಿ ಕಣಿವೆ
ಯುರೋಪ್‌ನಲ್ಲಿ ಇದಕ್ಕೆ 2014ರಲ್ಲೇ ಒಂದು ದಾರಿ ಹುಡುಕಿದರು. ಸ್ಪೇನಿನ ಒಬ್ಬ ವ್ಯಕ್ತಿಯ ಆಸ್ತಿ ಹರಾಜಿನ ನೋಟಿಸ್ 1998ರಲ್ಲಿ ಪತ್ರಿಕೆಯಲ್ಲಿ ಬಂದಿತ್ತು. ಸಾಲ ತೀರಿದ ಎಷ್ಟೋ ವರ್ಷದ ಮೇಲೂ ಅವರ ಹೆಸರು ಹಾಕಿದರೆ ಅದೇ ಬರುತ್ತಿತ್ತು. ಯುರೋಪಿನ ಕೋರ್ಟ್ ಗೂಗಲ್‌ಗೆ ಹೇಳಿದ್ದು ಇಷ್ಟು: ಹೆಸರು ಹಾಕಿ ಹುಡುಕಿದಾಗ ಆ ಕೊಂಡಿ ತೋರಿಸಬೇಡಿ. ಪತ್ರಿಕೆಯ ಪುಟ ಇದ್ದಲ್ಲೇ ಇರಲಿ. ಇಬ್ಬರ ಮಾತೂ ಉಳಿಯಿತಲ್ಲ!

ನಮ್ಮ ಕರ್ನಾಟಕ ಹೈಕೋರ್ಟ್ ಕೂಡ 2017ರ ಜನವರಿಯಲ್ಲಿ ಮರೆಯಲ್ಪಡುವ ಹಕ್ಕನ್ನು ಒಪ್ಪಿದೆ.

ವಕೀಲರ ಕಟ್ಟೆ
ಕಾವೇರಿ ಕಣಿವೆಯವರೇ, ಸಣ್ಣ ತಿದ್ದುಪಡಿ. 2017ರ ಆ ಕೇಸು ಸುದ್ದಿಗೆ ಸಂಬಂಧಿಸಿದ್ದಲ್ಲ. ಒಬ್ಬ ತಂದೆ ತಮ್ಮ ಮಗಳ ಹೆಸರು ಹೈಕೋರ್ಟಿನ ಆದೇಶದಲ್ಲಿ ಕಾಣಬಾರದು ಎಂದು ಕೇಳಿದ್ದರು. ಅಂತರ್ಜಾಲದಲ್ಲಿ ಹುಡುಕಿದರೆ ಹೆಸರು ಬರದಂತೆ ನೋಡಿಕೊಳ್ಳಿ ಎಂದು ಕೋರ್ಟ್ ತನ್ನ ಕಚೇರಿಗೇ ಹೇಳಿತು. ಸೂಕ್ಷ್ಮ ಪ್ರಕರಣಗಳಲ್ಲಿ ಹೆಣ್ಣುಮಕ್ಕಳ ಮಾನದ ಪ್ರಶ್ನೆ ಅಂತ ಅಲ್ಲಿ ಕಾರಣ ಕೊಟ್ಟಿದೆ. ಅದೇ ವರ್ಷ ಆಗಸ್ಟ್ 24ಕ್ಕೆ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಈಗ ವಾದ ಮಾಡುವವರು ಹೆಚ್ಚಾಗಿ ಅದನ್ನೇ ಆಧಾರ ಮಾಡಿಕೊಳ್ಳುತ್ತಾರೆ.

ರಾತ್ರಿ ಪಾಳಿ
ನಾನು ಒಂದು ವೆಬ್ ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ಯಾವ ಸಂಸ್ಥೆ ಅಂತ ಹೇಳುವುದಿಲ್ಲ. ಇಲ್ಲಿ ಎಲ್ಲರೂ ಕಾನೂನು ಮಾತಾಡುತ್ತಿದ್ದೀರಿ. ಸುದ್ದಿ ಹೇಗೆ ಬರುತ್ತದೆ ಅಂತ ಸ್ವಲ್ಪ ಕೇಳಿ.

ಬಂಧನ ಆದರೆ ಪೊಲೀಸರು ಪ್ರೆಸ್ ನೋಟ್ ಕೊಡುತ್ತಾರೆ. ಅದರಲ್ಲಿ ಹೆಸರು, ತಂದೆ ಹೆಸರು, ವಯಸ್ಸು, ವಿಳಾಸ ಎಲ್ಲ ಟೈಪ್ ಆಗಿಯೇ ಇರುತ್ತದೆ. ಜೊತೆಗೆ ಫೋಟೊ. ಜಿಲ್ಲಾ ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದ ಹತ್ತು ನಿಮಿಷದಲ್ಲಿ ಎಲ್ಲ ತಾಣಗಳಲ್ಲೂ ಅದು ಸುದ್ದಿಯಾಗಿರುತ್ತದೆ. ಪ್ರೆಸ್ ನೋಟ್‌ನಲ್ಲಿ "ಆರೋಪಿ" ಅಂತಲೇ ಇರುತ್ತದೆ. ತಲೆಬರಹ ಕೊಡುವಾಗ ಅದು "ನುಂಗಿದ", "ಅಂದರ್" ಆಗುತ್ತದೆ. ಯಾಕೆಂದರೆ ಪಕ್ಕದ ತಾಣ ಹಾಗೆ ಕೊಟ್ಟಿದೆ, ಅದು ಜಾಸ್ತಿ ಓಡುತ್ತಿದೆ. ಬೆಳಿಗ್ಗೆ ಮೀಟಿಂಗ್‌ನಲ್ಲಿ ಕೇಳುವುದು ಪೇಜ್ ವ್ಯೂ ಎಷ್ಟು ಅಂತ.

ಖುಲಾಸೆಗೆ ಪ್ರೆಸ್ ನೋಟ್ ಇಲ್ಲ. ತಾಲ್ಲೂಕು ಕೋರ್ಟಿನಲ್ಲಿ ನ್ಯಾಯಾಧೀಶರು ತೀರ್ಪು ಓದುವಾಗ ಅಲ್ಲಿರುವುದು ವಕೀಲರು, ಬೆಂಚ್ ಕ್ಲರ್ಕ್, ಆರೋಪಿಯ ಮನೆಯವರು. ವರದಿಗಾರ ಇರುವುದಿಲ್ಲ. ಪೊಲೀಸರು ತಾವು ಸೋತ ಕೇಸನ್ನು ಗುಂಪಿಗೆ ಹಾಕುವುದಿಲ್ಲ. ಹಾಗಾಗಿ ಆ ಸುದ್ದಿ ನಮ್ಮ ತನಕ ಬರುವುದೇ ಇಲ್ಲ.

ಆದರೆ ಒಂದು ಮಾತು. ತುಂಗಾತೀರ ಅವರು ಮೇಲ್ ಮಾಡಿದ ಮೇಲೂ "ತೆಗೆಯಲು ಬರುವುದಿಲ್ಲ" ಅಂದಿದ್ದು ಸೋಮಾರಿತನ. ಹಳೇ ಸುದ್ದಿ ತೆರೆದು ಮೇಲೆ ಒಂದು ಪ್ಯಾರಾ ಸೇರಿಸಿ, ತಲೆಬರಹ ತಿದ್ದಿ, ಫೋಟೊ ತೆಗೆಯಲು ಐದು ನಿಮಿಷ ಸಾಕು.

ತಾಲ್ಲೂಕು ವರದಿಗಾರ
ರಾತ್ರಿ ಪಾಳಿಯವರು ಹೇಳಿದ್ದು ಅಕ್ಷರಶಃ ಸತ್ಯ. ನಾನು ಸ್ಟ್ರಿಂಗರ್. ಸುದ್ದಿಗೆ ಇಷ್ಟು ಅಂತ ಕೊಡುತ್ತಾರೆ, ಅದೂ ತಿಂಗಳುಗಟ್ಟಲೆ ತಡ. ಕೋರ್ಟಿನಲ್ಲಿ ದಿನವಿಡೀ ಕೂತು ಒಂದು ಖುಲಾಸೆ ಸುದ್ದಿ ಕಳಿಸಿದರೆ ಡೆಸ್ಕ್‌ನವರು "ಇದನ್ನು ಯಾರು ಓದುತ್ತಾರೆ?" ಅಂತಾರೆ. ನಮ್ಮ ಮೇಲೆ ನೀತಿ ಹೇರುವ ಮೊದಲು ನಮಗೆ ಸಂಬಳ ಕೊಡಿ.

ಸಿದ್ದಾಪುರದ ಸೀತಕ್ಕ
ಸಂಬಳ ಕೊಡದಿರುವುದು ಮಾಲೀಕರ ತಪ್ಪು. ಅದಕ್ಕೆ ಆ ಹುಡುಗಿಯ ಮದುವೆ ಯಾಕೆ ನಿಲ್ಲಬೇಕು?

ತಾಲ್ಲೂಕು ವರದಿಗಾರ
ನಿಲ್ಲಬಾರದು ಸೀತಕ್ಕ. ಆದರೆ ಪೊಲೀಸರನ್ನೂ ಸ್ವಲ್ಪ ಕೇಳಿ. ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೊ ತೆಗೆಯಲು ಬಿಟ್ಟವರು ಯಾರು? 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿ, ಪೊಲೀಸರು ಮಾಧ್ಯಮದ ಮುಂದೆ ಎಷ್ಟು ಹೇಳಬಹುದು ಎನ್ನುವುದಕ್ಕೆ ಮೂರು ತಿಂಗಳಲ್ಲಿ ಕೈಪಿಡಿ ಮಾಡಿ ಎಂದು ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿತು. ನಮ್ಮ ಠಾಣೆಯಲ್ಲಿ ಇವತ್ತಿಗೂ ಹೊರಗೆ ನಿಲ್ಲಿಸಿಯೇ ಫೋಟೊ ತೆಗೆಯುವುದು.

ಹಾಸನದ ಸೊಸೆ
ನೀವು ಕೇಸು ಮಾತಾಡುತ್ತಿದ್ದೀರಿ. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಗೆ ಏನಾಯಿತು ನೆನಪಿದೆಯಾ? "ಹಾಸನದಲ್ಲಿ ಹೃದಯಾಘಾತಕ್ಕೆ ಮತ್ತೊಂದು ಬಲಿ" ಅಂತ ದಿನಾ ಬೆಳಿಗ್ಗೆ. ಕ್ರಿಕೆಟ್ ಸ್ಕೋರಿನ ಹಾಗೆ ಎಣಿಸುತ್ತಿದ್ದರು. ನಮ್ಮ ಅತ್ತೆಗೆ ಎದೆ ಹಿಡಿದ ಹಾಗೆ ಆಗುವುದು, ನಿದ್ದೆ ಇಲ್ಲ. ಮೈಸೂರಿನ ಜಯದೇವಕ್ಕೆ ಕರೆದುಕೊಂಡು ಹೋದರೆ ಬೆಳಗಿನ ಜಾವದಿಂದಲೇ ಕ್ಯೂ. ಏನೂ ಆಗದವರೂ ಹೆದರಿ ಬಂದಿದ್ದರು. ನಿಜವಾಗಿ ಎದೆನೋವು ಇದ್ದವರಿಗೆ ಅದರಿಂದ ಎಷ್ಟು ತೊಂದರೆ ಆಗಿರಬಹುದು ಯೋಚಿಸಿ.

ಆಮೇಲೆ ಜಯದೇವದ ನಿರ್ದೇಶಕರ ನೇತೃತ್ವದ ಸಮಿತಿ ವರದಿ ಕೊಟ್ಟಿತು. ಅಸಹಜ ಏರಿಕೆ ಕಾಣಲಿಲ್ಲ, ಪಟ್ಟಿಯಲ್ಲಿದ್ದ 24 ಸಾವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ ಅಂತ ಗೊತ್ತಾಯಿತು. ಈ ಸುದ್ದಿ ಎಷ್ಟು ತಾಣಗಳಲ್ಲಿ ಅಷ್ಟೇ ದೊಡ್ಡದಾಗಿ ಬಂತು? ಅತ್ತೆ ಇವತ್ತಿಗೂ ಹಾಸನದಲ್ಲಿ ಏನೋ ಇದೆ ಅಂತಲೇ ನಂಬಿದ್ದಾರೆ.

ಬಿಳಿ ಕೋಟು
ವೈದ್ಯನಾಗಿ ಹೇಳುತ್ತೇನೆ, ಆ ಗದ್ದಲದಿಂದ ಒಳ್ಳೆಯದೂ ಆಯಿತು. ಹಠಾತ್ ಸಾವುಗಳನ್ನು ಸರ್ಕಾರಕ್ಕೆ ತಿಳಿಸಲೇಬೇಕು ಎನ್ನುವ ತೀರ್ಮಾನ ಬಂತು. ತಾಲ್ಲೂಕು ಆಸ್ಪತ್ರೆಗಳಿಗೆ ಹೃದಯಾಘಾತಕ್ಕೆ ತುರ್ತು ಚಿಕಿತ್ಸೆ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ವಿಸ್ತರಿಸುವ ಮಾತು ಬಂತು. ಮಾಧ್ಯಮ ಸುಮ್ಮನಿದ್ದರೆ ಇದೆಲ್ಲ ಆಗುತ್ತಿತ್ತಾ?

ಹಾಸನದ ಸೊಸೆ
ಸುಮ್ಮನಿರಿ ಅಂತ ನಾನು ಹೇಳಲಿಲ್ಲ ಡಾಕ್ಟ್ರೇ. ಪ್ರತಿ ವರ್ಷ ಅದೇ ತಿಂಗಳಲ್ಲಿ ಎಷ್ಟು ಜನ ಹೃದಯಾಘಾತದಿಂದ ಸಾಯುತ್ತಾರೆ ಅಂತ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಅದನ್ನು ಕೇಳಲು ಜಿಲ್ಲಾ ಆಸ್ಪತ್ರೆಗೆ ಒಂದು ಫೋನ್ ಮಾಡಬೇಕು ಅಷ್ಟೇ.

ಬಿಳಿ ಕೋಟು
ಆ ಸಾಲು ಇರಬೇಕಿತ್ತು. ಅದು ನ್ಯಾಯವಾದ ಮಾತು.

ಮನೋಹರಿ
ಆತ್ಮಹತ್ಯೆ ವರದಿ ಬಗ್ಗೆಯೂ ಯಾರಾದರೂ ಮಾತಾಡಿ. ಹೇಗೆ ಮಾಡಿಕೊಂಡರು, ಯಾವ ಕೋಣೆ, ಪತ್ರದಲ್ಲಿ ಏನಿತ್ತು ಎಲ್ಲ ಬರೆಯುತ್ತಾರೆ. 2019ರಲ್ಲೇ ಪ್ರೆಸ್ ಕೌನ್ಸಿಲ್ ಇದನ್ನೆಲ್ಲ ಬರೆಯಬೇಡಿ ಎಂದು ಹೇಳಿದೆ. ವಿಧಾನ ವಿವರಿಸಬಾರದು, ತಲೆಬರಹದಲ್ಲಿ ರೋಚಕ ಮಾಡಬಾರದು. ಕಷ್ಟದಲ್ಲಿದ್ದವರು ಓದುತ್ತಾರೆ ಎನ್ನುವ ನೆನಪಿರಬೇಕು. ಸುದ್ದಿಯ ಕೊನೆಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಾಕಲು ಒಂದು ಸಾಲು ಬೇಕು. ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ.

ಕೆರೆ ಏರಿ
ಮನೋಹರಿಯವರೇ, ಈ ನಂಬರ್ ನನಗೆ ಗೊತ್ತೇ ಇರಲಿಲ್ಲ. ಥ್ಯಾಂಕ್ಸ್.

ಜೋಗದ ಸಿರಿ
ಅತ್ಯಾಚಾರದ ಸುದ್ದಿಯಲ್ಲಿ ಹೆಸರು ಬಿಟ್ಟು ಮಿಕ್ಕಿದ್ದೆಲ್ಲ ಹಾಕುತ್ತಾರೆ. ಊರು, ಕಾಲೇಜು, ತಂದೆಯ ಉದ್ಯೋಗ. ಅಷ್ಟು ಹಾಕಿದರೆ ಊರಿನವರಿಗೆ ಯಾರು ಅಂತ ಗೊತ್ತಾಗದೇ ಇರುತ್ತಾ? ಗುರುತು ಬಿಟ್ಟುಕೊಡುವುದೇ ಅಪರಾಧ, ಎರಡು ವರ್ಷದವರೆಗೆ ಜೈಲು. ಹಿಂದೆ ಐಪಿಸಿ 228ಎ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 72ನೇ ಕಲಂ. ಸತ್ತುಹೋದ ಸಂತ್ರಸ್ತೆಯ ಗುರುತೂ ಹೇಳಬಾರದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಜಮ್ಮುವಿನ ಕಠುವಾದಲ್ಲಿ ಅತ್ಯಾಚಾರವಾಗಿ ಕೊಲೆಯಾದ ಮಗುವಿನ ಹೆಸರು, ಫೋಟೊ ಹಾಕಿದ ಮಾಧ್ಯಮ ಸಂಸ್ಥೆಗಳಿಗೆ ದೆಹಲಿ ಹೈಕೋರ್ಟ್ ತಲಾ 10 ಲಕ್ಷ ಕಟ್ಟಿಸಿತ್ತು.

ಬಯಲುಸೀಮೆ ಬಸು
ನೋಡಿದಿರಾ, ದಂಡ ಬಿದ್ದ ಕಡೆ ಮಾತ್ರ ಬುದ್ಧಿ ಬರುತ್ತದೆ. ಸುಳ್ಳು ಸುದ್ದಿಗೆ ಜೈಲು ಅಂತ ಕಾನೂನು ತನ್ನಿ, ಎಲ್ಲ ಸರಿಹೋಗುತ್ತದೆ.

ಕಡತ ಕೋಣೆ
ಅದನ್ನೂ ಕರಡು ಮಾಡಿದ್ದರು. 2025ರ ಜೂನ್‌ನಲ್ಲಿ ನಮ್ಮ ರಾಜ್ಯದ ಸುಳ್ಳು ಸುದ್ದಿ ಮಸೂದೆಯ ಕರಡು ಹೊರಬಂತು. ಏಳು ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಅಂತ ಇತ್ತು. ಯಾವುದು ಸುಳ್ಳು ಅಂತ ತೀರ್ಮಾನ ಮಾಡುವ ಪ್ರಾಧಿಕಾರದಲ್ಲಿ ಮಂತ್ರಿಗಳೇ! ವಿರೋಧ ಬಂದ ಮೇಲೆ ಇದು ಬರೀ ಕರಡು ಎಂದರು. ಕೇಂದ್ರ ಸರ್ಕಾರದ ಬಗ್ಗೆ ಬಂದದ್ದು ಸುಳ್ಳೋ ನಿಜವೋ ಎಂದು ಸರ್ಕಾರದ್ದೇ ಸತ್ಯಶೋಧನಾ ಘಟಕ ಹೇಳುವ ನಿಯಮವೂ ಹೀಗೇ. 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಹೊಡೆದುಹಾಕಿತು. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಹಾಕಿದರೆ ಜೈಲು ಎನ್ನುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಗುವ ಮುಂಚೆ ಅದನ್ನು ಯಾರ ಮೇಲೆ ಹಾಕುತ್ತಿದ್ದರು? ಫೇಸ್‌ಬುಕ್‌ನಲ್ಲಿ ಎರಡು ಸಾಲು ಬರೆದ ಹುಡುಗ ಹುಡುಗಿಯರ ಮೇಲೆ. ಜೈಲಿನ ಕೀಲಿ ಸರ್ಕಾರದ ಕೈಗೆ ಕೊಟ್ಟರೆ ಮೊದಲು ಒಳಗೆ ಹೋಗುವುದು ನಮ್ಮ ತಾಲ್ಲೂಕು ವರದಿಗಾರರೇ ಹೊರತು ಮಾಲೀಕರಲ್ಲ.

ತಾಲ್ಲೂಕು ವರದಿಗಾರ
ಈ ಮಾತಿಗೆ ನನ್ನ ಓಟು.

ಬಯಲುಸೀಮೆ ಬಸು
ಹಾಗಾದರೆ ಯಾರೂ ಏನೂ ಮಾಡುವುದು ಬೇಡ ಅಂತಲಾ? ಮುರ್ಕಿ ಮರೆತಿರಾ? 2018ರಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರು ಅಂತ ವಾಟ್ಸ್‌ಆ್ಯಪ್‌ನಲ್ಲಿ ಸುಳ್ಳು ಹಬ್ಬಿಸಿ ಒಬ್ಬರನ್ನು ಹೊಡೆದು ಸಾಯಿಸಿದರು.

ಕಡತ ಕೋಣೆ
ಮರೆತಿಲ್ಲ ಬಸು. ಆದರೆ ಅಲ್ಲಿ ಕೊಲೆಗೆ ಕಾನೂನು ಇತ್ತು, ಗುಂಪು ಕಟ್ಟಿ ಹೊಡೆದದ್ದಕ್ಕೂ ಇತ್ತು. ವಾಟ್ಸ್‌ಆ್ಯಪ್ ವದಂತಿಗೂ ಸುದ್ದಿ ಮನೆಯ ಜವಾಬ್ದಾರಿಗೂ ಒಂದೇ ಮದ್ದು ಹಾಕಬೇಡಿ.

ಹಳೇ ಡೆಸ್ಕು
ವಿಷಯಕ್ಕೆ ಬರೋಣ. ನಾನು ಅಚ್ಚಿನ ಕಾಲದಿಂದ ಡೆಸ್ಕ್‌ನಲ್ಲಿ ಇದ್ದವನು. ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ಒಳಪುಟದ ಮೂಲೆಯಲ್ಲಿ "ತಿದ್ದುಪಡಿ" ಅಂತ ನಾಲ್ಕು ಸಾಲು ಬರುತ್ತಿತ್ತು. ಚಿಕ್ಕದೇ, ಆದರೆ ಬರುತ್ತಿತ್ತು. ದಿ ಹಿಂದೂ 2006ರಲ್ಲಿ ಓದುಗರ ಸಂಪಾದಕ ಅಂತ ಒಬ್ಬರನ್ನೇ ಇದಕ್ಕೆ ನೇಮಿಸಿತು. ವೆಬ್ ಬಂದ ಮೇಲೆ ತಿದ್ದುವುದು ಸುಲಭ ಆಗಬೇಕಿತ್ತು. ಆದದ್ದು ಏನು? ತಪ್ಪು ಗೊತ್ತಾದರೆ ಸದ್ದಿಲ್ಲದೆ ಅಳಿಸುವುದು. ಬೆಳಿಗ್ಗೆ ಓದಿದವನಿಗೆ ಅದು ತಪ್ಪು ಅಂತ ಯಾವತ್ತೂ ತಿಳಿಯುವುದಿಲ್ಲ. ಸ್ಕ್ರೀನ್‌ಶಾಟ್ ಮಾತ್ರ ಊರೆಲ್ಲ ತಿರುಗುತ್ತಿರುತ್ತದೆ.

ನನ್ನ ಪ್ರಕಾರ ಮುಖ್ಯವಾದ ನಿಯಮ ಒಂದೇ. ಸುದ್ದಿ ಇದ್ದ ವಿಳಾಸದಲ್ಲೇ ತಿದ್ದುಪಡಿ ಇರಬೇಕು. ಸುದ್ದಿಯ ಮೇಲ್ಭಾಗದಲ್ಲಿ, ಮೊದಲ ಪ್ಯಾರಾಕ್ಕಿಂತ ಮುಂಚೆ, ದಿನಾಂಕದ ಸಮೇತ. ತಲೆಬರಹವನ್ನೂ ಬದಲಿಸಬೇಕು, ಯಾಕೆಂದರೆ ಮುಕ್ಕಾಲು ಪಾಲು ಜನ ಅದನ್ನು ಮಾತ್ರ ನೋಡುತ್ತಾರೆ. ಫೇಸ್‌ಬುಕ್, ಯೂಟ್ಯೂಬ್‌ನಲ್ಲಿ ಹಾಕಿದ್ದರೆ ಅಲ್ಲೂ ತಿದ್ದಬೇಕು. ಇಲ್ಲದಿದ್ದರೆ ಹಂಚಿದ ಕಡೆಯೆಲ್ಲ ಹಳೇ ತಲೆಬರಹವೇ ಕಾಣುತ್ತಿರುತ್ತದೆ. ಬಂಧನದ ಸುದ್ದಿ ಹಾಕಿದವನಿಗೆ ಆ ಕೇಸು ಏನಾಯಿತು ಎಂದು ನೋಡುವ ಹೊಣೆಯೂ ಇದೆ. ಈಗ ಕೋರ್ಟುಗಳ ತಾಣದಲ್ಲಿ ಕೇಸ್ ನಂಬರ್ ಹಾಕಿದರೆ ಸ್ಥಿತಿ ಕಾಣುತ್ತದೆ. ಓಡಾಡುವ ಕೆಲಸವೂ ಇಲ್ಲ.

"ಆ ದಿನಕ್ಕೆ ಸರಿಯಾಗಿತ್ತು" ಅನ್ನುವುದು ಪತ್ರಿಕೆಗೆ ಹೇಳಬಹುದಾದ ಮಾತು. ಪತ್ರಿಕೆ ಮರುದಿನ ರದ್ದಿಗೆ ಹೋಗುತ್ತಿತ್ತು. ವೆಬ್ ಪುಟವನ್ನು ಇವತ್ತು ಬೆಳಿಗ್ಗೆಯೂ ಯಾರೋ ಓದುತ್ತಿದ್ದಾರೆ.

ರಾತ್ರಿ ಪಾಳಿ
ಸರ್, ಇದನ್ನು ಪ್ರಿಂಟ್ ತೆಗೆದು ನಮ್ಮ ಡೆಸ್ಕ್‌ನಲ್ಲಿ ಅಂಟಿಸುತ್ತೇನೆ.

ವಕೀಲರ ಕಟ್ಟೆ
ತುಂಗಾತೀರ ಅವರೇ, ಒಂದು ಕಹಿ ವಿಷಯ. ಮಾನನಷ್ಟಕ್ಕೆ ಪರಿಹಾರ ಕೇಳುವ ಸಿವಿಲ್ ದಾವೆಗೆ ಪ್ರಕಟವಾದ ದಿನದಿಂದ ಒಂದೇ ವರ್ಷ ಗಡುವು. ಕ್ರಿಮಿನಲ್ ದೂರಿಗೆ ಮೂರು ವರ್ಷ. ಪುಟ ಇನ್ನೂ ಇದೆಯಲ್ಲ, ದಿನಾ ಹೊಸದಾಗಿ ಪ್ರಕಟವಾದಂತೆ ಅಲ್ವಾ ಅಂತ ಕೇಳಬಹುದು. ಹಾಗೆ ಲೆಕ್ಕ ಹಾಕಲು ಆಗುವುದಿಲ್ಲ ಎಂದು ದೆಹಲಿ ಹೈಕೋರ್ಟ್ 2013ರಲ್ಲೇ ಹೇಳಿದೆ. ಹಾಗಾಗಿ ಆ ದಾರಿಗೆ ದುಡ್ಡು ಸುರಿಯಬೇಡಿ. ಕುಂದುಕೊರತೆ ಅಧಿಕಾರಿಗೆ ತೀರ್ಪಿನ ದೃಢೀಕೃತ ಪ್ರತಿ ಸೇರಿಸಿ ಬರೆಯಿರಿ. ಅಳಿಸಿ ಅಂತ ಕೇಳಬೇಡಿ. ತಲೆಬರಹ ತಿದ್ದಿ, ಖುಲಾಸೆ ಸೇರಿಸಿ, ಫೋಟೊ ತೆಗೆಯಿರಿ ಅಂತ ಮೂರೇ ಕೇಳಿ. ಇವಕ್ಕೆ ಇಲ್ಲ ಎನ್ನಲು ಅವರಿಗೆ ಕಾರಣ ಸಿಗುವುದಿಲ್ಲ. ಆಗಲೂ ಒಪ್ಪದಿದ್ದರೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದಾ ಎಂದು ಅಲ್ಲಿ ಕೆಲಸ ಮಾಡುವ ವಕೀಲರನ್ನು ಕೇಳಿ.

ತುಂಗಾತೀರ
ಎಲ್ಲರಿಗೂ ಧನ್ಯವಾದ. ಅಳಿಸಿ ಅಂತ ಕೇಳಿದ್ದೇ ನಾನು. ಈಗ ಈ ಮೂರನ್ನು ಕೇಳಿ ಬರೆಯುತ್ತೇನೆ. ದೃಢೀಕೃತ ಪ್ರತಿಗೆ ನಾಳೆ ಅರ್ಜಿ ಹಾಕುತ್ತೇವೆ.

ನಮ್ಮೂರ ಸುದ್ದಿ
ನಾನು ಎರಡು ತಾಲ್ಲೂಕಿಗೆ ಒಂದು ಸಣ್ಣ ಸುದ್ದಿ ತಾಣ ನಡೆಸುತ್ತಿದ್ದೇನೆ. ನಾನು, ನನ್ನ ತಮ್ಮ ಇಬ್ಬರೇ. ಈ ಚರ್ಚೆ ಪೂರ್ತಿ ಓದಿದೆ. ನಮ್ಮಲ್ಲೂ ಬಂಧನದ ಸುದ್ದಿಗಳಿವೆ, ಒಂದೊಂದನ್ನೇ ತೆಗೆದು ಕೋರ್ಟ್ ತಾಣದಲ್ಲಿ ನೋಡಲು ಶುರು ಮಾಡುತ್ತಿದ್ದೇವೆ. ಹಳೇ ಡೆಸ್ಕು ಸರ್, ಆ ಮೇಲಿನ ಟಿಪ್ಪಣಿ ಹೇಗೆ ಬರೆಯಬೇಕು? ಮಾದರಿ ಕೊಡಿ. ಕೇಸು ಇನ್ನೂ ನಡೆಯುತ್ತಿದ್ದರೆ ಏನು ಬರೆಯುವುದು?

ಹಳೇ ಡೆಸ್ಕು
ಸಂತೋಷ ಆಯಿತು ತಮ್ಮಾ. ಉದ್ದ ಬೇಡ. ಹೀಗೆ ಬರೆಯಿರಿ: "ಈ ವರದಿ ಇಂಥ ದಿನ ಪ್ರಕಟವಾಗಿತ್ತು. ಇದರಲ್ಲಿ ಹೆಸರಿಸಿದ ವ್ಯಕ್ತಿಯನ್ನು ಇಂಥ ನ್ಯಾಯಾಲಯ ಇಂಥ ದಿನ ಖುಲಾಸೆ ಮಾಡಿದೆ. ಮೊದಲ ತಲೆಬರಹ ಅಪರಾಧ ಸಾಬೀತಾದಂತೆ ಇತ್ತು, ಅದನ್ನು ಬದಲಿಸಿದ್ದೇವೆ." ಕೇಸು ನಡೆಯುತ್ತಿದ್ದರೆ "ವಿಚಾರಣೆ ನಡೆಯುತ್ತಿದೆ" ಅಂತ ಹಾಕಿ, ನೀವು ನೋಡಿದ ದಿನಾಂಕ ಸೇರಿಸಿ. ಹೈಕೋರ್ಟಿನಲ್ಲಿ ಮೇಲ್ಮನವಿ ಇದೆಯಾ ಅಂತಲೂ ನೋಡಿ. ಅದನ್ನು ಬಿಟ್ಟರೆ ಇನ್ನೊಂದು ಕಡೆಯವರಿಗೆ ಅನ್ಯಾಯ ಆಗುತ್ತದೆ.

ರಾತ್ರಿ ಪಾಳಿ
ಪುಟದ ವಿಳಾಸದಲ್ಲೂ ಹಳೇ ತಲೆಬರಹದ ಪದಗಳು ಇಂಗ್ಲಿಷ್ ಅಕ್ಷರದಲ್ಲಿ ಇರುತ್ತವೆ, ಅದನ್ನು ಮರೆಯಬೇಡಿ. ವಿಳಾಸ ಬದಲಿಸಿದರೆ ಹಳೆಯದರಿಂದ ಹೊಸದಕ್ಕೆ ರೀಡೈರೆಕ್ಟ್ ಹಾಕಿ. ಇಲ್ಲದಿದ್ದರೆ ಹಿಂದೆ ಹಂಚಿದ ಲಿಂಕ್ ಒತ್ತಿದವರಿಗೆ ಖಾಲಿ ಪುಟ ಬರುತ್ತದೆ, ತಿದ್ದುಪಡಿ ಅವರಿಗೆ ತಲುಪುವುದೇ ಇಲ್ಲ. ಮಾಡಲು ಬರದಿದ್ದರೆ ನನಗೆ ಮೆಸೇಜ್ ಮಾಡಿ, ಭಾನುವಾರ ರಜೆ ಇದೆ, ಕೂತು ಮಾಡಿಕೊಡುತ್ತೇನೆ.